ತಿರಾನಾಕ್ಕೆ ಹೋದ ಮಲ್ಲಂದೂರಿನ ಮಳೆ

ಕಳೆದ ತಿಂಗಳು ನನ್ನ ಕಿವಿಯ ಮಿಷನ್ನು ಕೆಟ್ಟಿತ್ತು. ಚಿಕ್ಕಮಗಳೂರಿನಲ್ಲಿ ಮೊಬೈಲ್ ರಿಪೇರಿ ಮಾಡುವವನೊಬ್ಬ ಇಂಥವನ್ನೂ ನೋಡುತ್ತಾನೆ ಎಂದು ಯಾರೋ ಹೇಳಿದ್ದರಿಂದ ಅಲ್ಲಿಗೆ ಹೋಗಿ ಸ್ಟೂಲಿನ ಮೇಲೆ ಕುಳಿತಿದ್ದೆ. ಅವನು ಬೆಸುಗೆಯ ಬಿಸಿ ಕಡ್ಡಿಯನ್ನು ರಾಳಕ್ಕೆ ಅದ್ದಿದ. ಬಿಳಿ ಹೊಗೆ ಎದ್ದಿತು. ಕಿವಿ ಹೋಗಿದೆ, ಕಣ್ಣು ಅರ್ಧ ಹೋಗಿದೆ, ಆದರೆ ಈ ಹಾಳು ಮೂಗು ಮಾತ್ರ ಇನ್ನೂ ನೆಟ್ಟಗಿದೆ. ರಾಳ ಸುಟ್ಟ ಆ ವಾಸನೆ ಬಂದದ್ದೇ ಮಿಷನ್ನು ಅಲ್ಲೇ ಬಿಟ್ಟು ಎದ್ದು ಬಂದೆ.

ಮಲ್ಲಂದೂರಿನ ರೇಡಿಯೋ ಸಾಹೇಬರ ಅಂಗಡಿ ಸದಾ ಹಾಗೇ ನಾರುತ್ತಿತ್ತು. ನಲವತ್ತು ವರ್ಷದ ಮೇಲಾಯಿತು. ಅವರನ್ನು ಮರೆತಿದ್ದೇನೆ ಎಂದು ನಾನು ನನಗೇ ಹೇಳಿಕೊಂಡು ಬದುಕಿದ್ದೆ...

ನಾನಾಗ ಮಲ್ಲಂದೂರಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ರೈಟರ್ ಎಂದರೆ ಕಥೆ ಬರೆಯುವವನಲ್ಲ. ಆಳುಗಳ ಹಾಜರಿ, ಗೊಬ್ಬರದ ಚೀಲ, ಹಣ್ಣು ಕುಯ್ದ ಬುಟ್ಟಿ, ಎಲ್ಲಕ್ಕಿಂತ ಹೆಚ್ಚಾಗಿ ಮಳೆ, ಇವನ್ನು ಬರೆಯುವವನು. ಬಂಗಲೆಯ ಮುಂದಿನ ಹುಲ್ಲಿನಲ್ಲಿ ಒಂದು ತಾಮ್ರದ ಮಳೆಮಾಪಕ ಇತ್ತು. ದಿನಾ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಅದರ ನೀರನ್ನು ಗಾಜಿನ ಅಳತೆಗೆ ಸುರಿದು ಇಷ್ಟು ಇಂಚು, ಇಷ್ಟು ಸೆಂಟ್ಸು ಎಂದು ಬರೆಯಬೇಕು. ಇಂಚಿಗೆ ನೂರು ಸೆಂಟ್ಸು. ಮಾರ್ಚಿನಲ್ಲಿ ಕಾಫಿ ಮೊಗ್ಗು ಅರಳಿಸುವ ಹೂವಿನ ಮಳೆ ಒಂದು ಇಂಚು ಬಿದ್ದರೆ ಆ ವರ್ಷದ ಫಸಲು ಬಂದ ಹಾಗೆಯೇ. ಹತ್ತು ಸೆಂಟ್ಸಿಗೆ ನಿಂತರೆ ಮೊಗ್ಗು ಅಲ್ಲೇ ಕಂದುತ್ತದೆ.

ನಮ್ಮ ಧಣಿಗಳು ಕೆಟ್ಟವರಲ್ಲ, ಆದರೆ ಮಳೆಯ ವಿಷಯದಲ್ಲಿ ಅವರಿಗೆ ಒಂಥರಾ ಹುಚ್ಚು. ತಮ್ಮ ತೋಟಕ್ಕೆ ಎಷ್ಟು ಮಳೆ ಬಿತ್ತು ಎನ್ನುವುದು ಹೊರಗಿನವರಿಗೆ ಗೊತ್ತಾಗಬಾರದು. ಪಕ್ಕದ ತೋಟದವರ ಕಣ್ಣು ಬೀಳುತ್ತದೆ, ಯೂನಿಯನ್ನಿನವರು ಈ ಸಲ ಫಸಲು ಚೆನ್ನಾಗಿದೆ ಎಂದು ಬೋನಸ್ಸಿಗೆ ಪಟ್ಟು ಹಿಡಿದು ಕೂರುತ್ತಾರೆ, ಫಸಲಿನ ಅಂದಾಜು ಹಾಕಲು ಬರುವ ಅಧಿಕಾರಿಗಳು ಜಾಸ್ತಿ ಬರೆದುಕೊಂಡು ಹೋಗುತ್ತಾರೆ, ಹೀಗೆಲ್ಲ. ಕ್ಲಬ್ಬಿನಲ್ಲಿ ಕೂತು ಎಲ್ಲ ಪ್ಲಾಂಟರುಗಳೂ ತಮಗೆ ಮಳೆಯೇ ಬಿದ್ದಿಲ್ಲ ಎಂದು ಒಬ್ಬರಿಗೊಬ್ಬರು ಸುಳ್ಳು ಹೇಳುತ್ತಿದ್ದ ಕಾಲ ಅದು. ನಮ್ಮ ಧಣಿಗಳು ಒಂದು ಹೆಜ್ಜೆ ಮುಂದೆ ಹೋಗಿ ಮಳೆಗೆ ಎರಡು ಪುಸ್ತಕ ಇಡಿಸಿದ್ದರು. ಒಳಗಿನ ಪುಸ್ತಕದಲ್ಲಿ ನಿಜವಾದ ಮಳೆ. ಅದು ಆಫೀಸಿನ ಕಬ್ಬಿಣದ ಪೆಟ್ಟಿಗೆಯಲ್ಲಿ. ಹೊರಗಿನ ಪುಸ್ತಕದಲ್ಲಿ ಅರ್ಧವೋ ಕಾಲೋ ಮಳೆ. ಅದು ಮೇಜಿನ ಮೇಲೆ, ಬಂದವರು ನೋಡಲಿ ಎಂದು. ಎರಡನ್ನೂ ಬರೆಯುತ್ತಿದ್ದವನು ನಾನೇ. ನನಗಿಂತ ಮುಂಚಿನ ರೈಟರ್ ಪಕ್ಕದ ತೋಟದವರ ಹತ್ತಿರ ಹೂವಿನ ಮಳೆಯ ನಿಜವಾದ ಲೆಕ್ಕ ಬಾಯಿಬಿಟ್ಟನೆಂದು ಅವನನ್ನು ಅದೇ ವಾರ ಪಾತ್ರೆಪಡಗ ಸಮೇತ ಕ್ವಾರ್ಟರ್ಸಿನಿಂದ ಇಳಿಸಿದ್ದರು. ಕೆಲಸಕ್ಕೆ ಸೇರಿದ ದಿನವೇ ನನಗೆ ಅದನ್ನು ಹೇಳಲಾಗಿತ್ತು.

ಅಂಥ ನಾನು ಆರು ವರ್ಷ, ಹೆಚ್ಚುಕಮ್ಮಿ ದಿನಾ, ಒಳಗಿನ ಪುಸ್ತಕದ ಮಳೆಯನ್ನು ಹೊರಗಿನವರೊಬ್ಬರಿಗೆ ಹೇಳುತ್ತಿದ್ದೆ. ರೇಡಿಯೋ ಸಾಹೇಬರಿಗೆ.

ಮಲ್ಲಂದೂರು ಪೇಟೆ ಎಂದರೆ ಆಗ ಹತ್ತಿಪ್ಪತ್ತು ಅಂಗಡಿ. ಅಂಚೆಗೆ ಹೋಗುವ ದಾರಿಯಲ್ಲಿ ಟೈಲರ್ ಪಕ್ಕದ್ದು ಸಾಹೇಬರದು. ತೆಳ್ಳಗಿನ ಆಳು, ಬಿಳಿ ಜುಬ್ಬ. ಕನ್ನಡಕದ ಕಡ್ಡಿ ಮುರಿದಲ್ಲಿ ತಾವೇ ಬೆಸುಗೆ ಹಾಕಿಕೊಂಡಿದ್ದರು. ಎಸ್ಟೇಟುಗಳ ರೇಡಿಯೋ, ಜೀಪಿನ ಹಾರನ್ನು, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮಿಷನ್ನಿನ ಸ್ವಿಚ್ಚು, ಏನು ಕೊಟ್ಟರೂ ಸರಿಮಾಡುತ್ತಿದ್ದರು. ಬೆಳಿಗ್ಗೆ ನಮಾಜು ಮುಗಿಸಿ ಅಂಗಡಿ ತೆರೆದರೆ ಒಂಬತ್ತರವರೆಗೆ ಗಿರಾಕಿಗಳ ಕೆಲಸ ಮುಟ್ಟುತ್ತಿರಲಿಲ್ಲ. ಹೊರಗಿನ ಸಿಲ್ವರ್ ಮರಕ್ಕೆ ಕಟ್ಟಿದ ತಂತಿಯಿಂದ ತಮ್ಮ ದೊಡ್ಡ ರೇಡಿಯೋಗೆ ಪರದೇಶದ ಸ್ಟೇಷನ್ನುಗಳನ್ನು ಎಳೆದು ಕೇಳುತ್ತಿದ್ದರು. ಕೇಳಿ, ಹೇಗೆ ಕೇಳಿಸಿತು ಎಂದು ಆ ಸ್ಟೇಷನ್ನಿಗೆ ಕಾಗದ ಬರೆಯುತ್ತಿದ್ದರು. ಅದಕ್ಕೊಂದು ಪದ್ಧತಿ ಇತ್ತು. ದನಿ ಎಷ್ಟು ಜೋರು, ಪಕ್ಕದ ಸ್ಟೇಷನ್ನಿನ ಅಡ್ಡಿ ಎಷ್ಟು, ಗರಗರ ಎಷ್ಟು ಎಂಬಂಥ ಐದು ವಿಷಯ, ಒಂದೊಂದಕ್ಕೂ ಐದರೊಳಗೆ ಒಂದು ಅಂಕಿ, ಒಟ್ಟು ಐದು ಅಂಕಿ. ಪುಟಗಟ್ಟಲೆ ಆ ಅಂಕಿಗಳು.

ಎಲ್ಲ ದೇಶದವರೂ ಒಂದು ಕಾರ್ಡು ಕಳಿಸಿ ಸುಮ್ಮನಾದರೆ ತಿರಾನಾದವರು ಮಾತ್ರ ಕವರ್ ತುಂಬ ಕಳಿಸಿದರಂತೆ. ಫೋಟೋ, ಪುಸ್ತಿಕೆ, ಬಣ್ಣದ ಪತ್ರಿಕೆ. ತಿರಾನಾ ಎಂದರೆ ಆಲ್ಬೇನಿಯಾ ಎನ್ನುವ ದೇಶದ ರಾಜಧಾನಿ. ಗ್ರೀಸಿನ ಮೇಲೆ, ಯುಗೋಸ್ಲಾವಿಯಾದ ಕೆಳಗೆ, ಸಮುದ್ರದ ಅಂಚಿನ ಪುಟ್ಟ ದೇಶ. ನಮ್ಮ ಜಿಲ್ಲೆಯಂಥ ಮೂರ್ನಾಲ್ಕನ್ನು ಸೇರಿಸಿದರೆ ಆದೀತು. ಒಳಗೆ ಯಾರನ್ನೂ ಬಿಡುವುದಿಲ್ಲ, ಹೊರಗೆ ಯಾರನ್ನೂ ಕಳಿಸುವುದಿಲ್ಲ. ಇದೆಲ್ಲ ನನಗೆ ಗೊತ್ತಾದದ್ದು ಸಾಹೇಬರಿಂದ. ಮಲ್ಲಂದೂರಿನಲ್ಲಿ ರೇಡಿಯೋ ಕೆಟ್ಟಿದ್ದ ಪ್ರತಿಯೊಬ್ಬರಿಗೂ ತಿರಾನಾ ಗೊತ್ತಿತ್ತು. ಚಿಕ್ಕಮಗಳೂರಿಗೆ ವರ್ಷಕ್ಕೊಮ್ಮೆ ಹೋಗದವರಿಗೂ ತಿರಾನಾದ ದೊಡ್ಡ ರಸ್ತೆ ಯಾವ ದಿಕ್ಕಿಗೆ ಹೋಗುತ್ತದೆ ಎಂದು ಗೊತ್ತಿತ್ತು.

ಅಂಗಡಿಯ ಹಿಂದಿನ ಗೋಡೆಯ ಹಲಗೆಯ ಮೇಲೆ ಅವರು ಆ ಊರಿನ ನಕ್ಷೆಯನ್ನು ಪೆನ್ಸಿಲಿನಲ್ಲಿ ಬರೆದಿದ್ದರು. ಪುಸ್ತಿಕೆಯಲ್ಲಿ ನಕ್ಷೆ ಇರಲಿಲ್ಲ. ಹಾಗಾಗಿ ಫೋಟೋಗಳನ್ನು ನೋಡಿ ನೋಡಿ, ಯಾವ ಕಟ್ಟಡದ ಹಿಂದೆ ಯಾವುದು ಕಾಣುತ್ತದೆ ಎಂದು ಲೆಕ್ಕ ಹಾಕಿ, ತಾವೇ ಮಾಡಿದ್ದು. ನಡುವೆ ಒಂದು ಚೌಕ. ಅಲ್ಲಿಂದ ದಕ್ಷಿಣಕ್ಕೆ ನೆಟ್ಟಗೆ ಒಂದು ಅಗಲವಾದ ರಸ್ತೆ, ಇಟಲಿಯವರು ಆಳುವಾಗ ಹಾಕಿದ್ದು. ರಸ್ತೆಯ ಎರಡೂ ಕಡೆ ಹಳದಿ, ಕೆಂಪು ಬಣ್ಣದ ಸರ್ಕಾರಿ ಕಚೇರಿಗಳು. ಮಧ್ಯೆ ಅದನ್ನು ದಾಟುವ ಲಾನಾ ಎನ್ನುವ ಹಳ್ಳ. ಹೊಳೆ ಎನ್ನುವಷ್ಟು ದೊಡ್ಡದಲ್ಲ. ರಸ್ತೆಯ ಕೊನೆಗೆ ವಿಶ್ವವಿದ್ಯಾಲಯ, ಅದರ ಹಿಂದೆ ಮನುಷ್ಯರೇ ತೋಡಿದ ಕೆರೆ, ತೋಪು. ಪೂರ್ವಕ್ಕೆ ದಾಯ್ತಿ ಎನ್ನುವ ಬೆಟ್ಟ.

"ನಮ್ಮ ಮುಳ್ಳಯ್ಯನಗಿರಿಗಿಂತ ಕುಳ್ಳು ರೈಟ್ರೇ. ಆದ್ರೆ ಊರಿನ ಮೇಲೇ ಬಂದು ನಿಂತಿದೆ ನೋಡಿ, ಕಾವಲು ಕಾಯೋರ ಥರ" ಎನ್ನುತ್ತಿದ್ದರು.

ಚಿಕ್ಕಮಗಳೂರಿನ ಲೈಬ್ರರಿಯಲ್ಲಿ ಹಳೆಯ ದಪ್ಪ ಪುಸ್ತಕವೊಂದನ್ನು ಹುಡುಕಿ ಆ ಊರಿನ ಹುಟ್ಟನ್ನೂ ಪತ್ತೆ ಮಾಡಿದ್ದರು. ಮುನ್ನೂರು ಚಿಲ್ಲರೆ ವರ್ಷದ ಹಿಂದೆ ತುರ್ಕಿ ಸುಲ್ತಾನನ ಕೈಕೆಳಗಿನ ಯಾರೋ ಒಬ್ಬ ಪಾಶಾ ಅಲ್ಲಿ ಒಂದು ಮಸೀದಿ, ಒಂದು ರೊಟ್ಟಿಯ ಭಟ್ಟಿ, ಒಂದು ಸ್ನಾನದ ಮನೆ ಕಟ್ಟಿಸಿದನಂತೆ. ಊರು ಎನ್ನುವುದು ಶುರುವಾದದ್ದೇ ಆ ಮೂರರಿಂದ. ಇದು ಸಾಹೇಬರಿಗೆ ಬಹಳ ಹಿಡಿಸಿತ್ತು. ಹೊಟ್ಟೆ, ಮೈ, ಮನಸ್ಸು, ಮೂರಕ್ಕೂ ಒಂದೊಂದು, ಇನ್ನೇನು ಬೇಕು ಒಂದು ಊರಿಗೆ ಎಂದು ಬೆರಳು ಮಡಚಿ ಹೇಳುತ್ತಿದ್ದರು. ಎಷ್ಟೋ ಕಾಲ ಅದೊಂದು ಸಂತೆಪೇಟೆ. ರಾಜಧಾನಿಯಾದದ್ದು ಮೊದಲನೇ ಮಹಾಯುದ್ಧ ಮುಗಿದ ಮೇಲೆ.

ಆದರೆ ಆ ಫೋಟೋಗಳಲ್ಲಿ ಏನೋ ಸರಿ ಇರಲಿಲ್ಲ. ನನಗೂ ಅನ್ನಿಸುತ್ತಿತ್ತು. ಅಷ್ಟು ಅಗಲದ ರಸ್ತೆ, ಒಂದು ಕಾರಿಲ್ಲ. ಸ್ವಂತ ಕಾರು ಇಟ್ಟುಕೊಳ್ಳುವ ಹಾಗಿಲ್ಲವಂತೆ. ನಾಲ್ಕು ಸೈಕಲ್ಲು, ದೂರದಲ್ಲಿ ನಡೆದು ಹೋಗುವ ಹತ್ತು ಜನ, ಎಲ್ಲರದ್ದೂ ಬೆನ್ನು. ಗಿರಣಿಯ ಹೆಂಗಸರು ನಗುತ್ತಿದ್ದರು, ಆದರೆ ಎಲ್ಲರೂ ಒಂದೇ ಕಡೆ ನೋಡಿಕೊಂಡು ನಗುತ್ತಿದ್ದರು. ರೇಡಿಯೋದಲ್ಲಿ ಹೆಂಗಸೊಬ್ಬಳು ಯಾರನ್ನೋ ಗದರಿಸುವ ದನಿಯಲ್ಲಿ ಇಂಗ್ಲಿಷ್ ವಾರ್ತೆ ಓದುತ್ತಿದ್ದಳು. ಲೋಕದಲ್ಲಿ ಅರ್ಧ ಜನ ಅವರ ಶತ್ರುಗಳು. ಬೆಳಗಿನ ಮಂಜಿನಲ್ಲಿ, ಮಲ್ಲಂದೂರಿನ ಖಾಲಿ ಪೇಟೆಯಲ್ಲಿ ಆ ದನಿ ಕೇಳಿದರೆ ನನಗೆ ಮೈ ಜುಂ ಎನ್ನುತ್ತಿತ್ತು.

ಚೌಕದ ಒಂದು ಫೋಟೋ ಇತ್ತು. ಅದರಲ್ಲಿ ಗಡಿಯಾರದ ಗೋಪುರ ಪೂರ್ತಿ ಕಾಣುತ್ತದೆ. ಪಕ್ಕದ ಮಸೀದಿಯ ಮಿನಾರು ಅಂಚಿನಲ್ಲಿ ಅರ್ಧಕ್ಕೆ ಕತ್ತರಿಸಿ ಹೋಗಿದೆ. ಬೇರೆ ಎರಡು ಫೋಟೋಗಳಲ್ಲೂ ಹಾಗೆಯೇ. ಇನ್ನೊಂದು ಪುಸ್ತಿಕೆಯಲ್ಲಿ, ನಮ್ಮ ದೇಶ ದೇವರು ದಿಂಡರನ್ನು ಬಿಟ್ಟಿದೆ, ಎಲ್ಲ ಮುಚ್ಚಿದ್ದೇವೆ ಎಂದು ಹೆಮ್ಮೆಯಿಂದ ಬರೆದಿತ್ತು. ಅದನ್ನು ಓದಿದ ಮೇಲೆ ಸಾಹೇಬರು ಪ್ರತಿ ಕಾಗದದ ಕೊನೆಗೂ ಒಂದೇ ಪ್ರಶ್ನೆ ಬರೆಯಲು ಶುರು ಮಾಡಿದರು. ಚೌಕದ ಮಸೀದಿಯಲ್ಲಿ ಈಗ ಬಾಂಗ್ ಕೂಗುತ್ತಾರೆಯೇ? ಕೂಗದಿದ್ದರೆ ಕೂಗುತ್ತಿದ್ದವರು ಈಗ ಏನು ಮಾಡುತ್ತಿದ್ದಾರೆ? ಉತ್ತರವಾಗಿ ಟ್ರ್ಯಾಕ್ಟರ್ ಕಾರ್ಖಾನೆಯ ವಿವರ ಬರುತ್ತಿತ್ತು. ಅವರು ಮತ್ತೆ ಕೇಳುತ್ತಿದ್ದರು. ಕರೆಂಟು ಎಷ್ಟು ಹಳ್ಳಿಗೆ ಬಂತು ಎಂದು ಬರುತ್ತಿತ್ತು.

ಮಳೆಯ ವಿಷಯವೂ ಅಷ್ಟೇ. ತಿರಾನಾದಲ್ಲೂ ಮಳೆ ಜೋರು, ಆದರೆ ಅವರಿಗೆ ಚಳಿಗಾಲದಲ್ಲಿ. ನಾವು ಹಣ್ಣು ಕುಯ್ಯುವಾಗ ಅವರು ಕೊಡೆ ಹಿಡಿಯುತ್ತಾರೆ, ಅವರು ಒಣಗುವಾಗ ನಾವು ಕಂಬಳಿ ಹೊದೆಯುತ್ತೇವೆ. ಇದನ್ನು ಕಂಡುಹಿಡಿದು ಸಾಹೇಬರು ಮಗುವಿನಷ್ಟು ಖುಷಿಪಟ್ಟಿದ್ದರು. ಅಂದಿನಿಂದ ನೋಟುಬುಕ್ಕಿನಲ್ಲಿ ರೇಡಿಯೋದ ಐದು ಅಂಕಿಯ ಪಕ್ಕ ಮಲ್ಲಂದೂರಿನ ಮಳೆಗೂ ಒಂದು ಸಾಲು. ತಿಂಗಳಿಗೊಮ್ಮೆ ಅದರ ನಕಲನ್ನು ತಿರಾನಾಕ್ಕೆ ಕಳಿಸಿ, ನಿಮ್ಮಲ್ಲಿ ಎಷ್ಟಾಯಿತು ತಿಳಿಸಿ ಎಂದು ಬರೆಯುವುದು. ಹತ್ತಿರದಲ್ಲಿ ಮಳೆಮಾಪಕ ಇದ್ದದ್ದು ನಮ್ಮ ಎಸ್ಟೇಟಿನಲ್ಲಿ. ನಾನು ಅಂಚೆಗೆ ಹೋಗುವಾಗ ಅಂಗಡಿಯ ಮುಂದೆ ನಿಂತರೆ ತಲೆ ಎತ್ತದೆ, "ಎಷ್ಟು ಬಿತ್ತು ರೈಟ್ರೇ?" ಎನ್ನುತ್ತಿದ್ದರು.

ಮೊದಲ ದಿನ ಹೊರಗಿನ ಪುಸ್ತಕದ ಅಂಕಿಯನ್ನೇ ಹೇಳೋಣ ಎಂದುಕೊಂಡಿದ್ದೆ. ಬಾಯಿ ಬರಲಿಲ್ಲ. ಸಾವಿರಾರು ಮೈಲಿ ದೂರದ ಯಾರಿಗೋ ಕಳಿಸಲು ಆ ಮನುಷ್ಯ ಅಷ್ಟು ಮುದ್ದಾಗಿ ಗೆರೆ ಹಾಕಿಕೊಂಡು ಕೂತಿದ್ದಾಗ ಸುಳ್ಳು ಮಳೆ ಹೇಗೆ ಹೇಳುವುದು? ನಿಜವನ್ನೇ ಹೇಳಿದೆ. ಆಮೇಲೆ ಆರು ವರ್ಷ ಹೇಳಿದೆ. ನಮ್ಮಲ್ಲಿ ಎರಡು ಪುಸ್ತಕ ಇದೆ ಎನ್ನುವುದನ್ನು ಮಾತ್ರ ಹೇಳಲಿಲ್ಲ. ಉಂಡ ಮನೆಯ ಗುಟ್ಟು ಎಂದುಕೊಂಡೆ. ಹಾಗೆ ನೋಡಿದರೆ ಅದು ನನ್ನ ನಾಚಿಕೆ.

ತಿರಾನಾದವರು ತಮ್ಮ ಮಳೆಯ ಲೆಕ್ಕ ಒಮ್ಮೆಯೂ ಕಳಿಸಲಿಲ್ಲ. ಒಂದು ದಿನ ಸಾಹೇಬರು ಬೇಸರದಿಂದ, "ಮಳೆ ಎಷ್ಟು ಬಿತ್ತು ಅಂತ ಹೇಳೋಕೂ ಹೆದರ್ತಾರಲ್ಲ ಮಾರಾಯ್ರೆ, ಎಂಥಾ ಊರು ಅದು? ಅಲ್ಲಿನೋರು ಮನೇಲಾದ್ರೂ ಮಾತಾಡ್ತಾರೋ ಇಲ್ವೋ" ಎಂದರು. ನಾನು ನಕ್ಕೆ. ನಕ್ಕು ಅಲ್ಲಿಂದ ಬೇಗ ಎದ್ದೆ.

ಆಮೇಲೆ ಒಂದೊಂದೇ ಶುರುವಾಯಿತು... ಮೊದಲು ಅಂಚೆಯ ಮಾಸ್ತರರು ನನ್ನನ್ನು ಪಕ್ಕಕ್ಕೆ ಕರೆದು, ಸಾಹೇಬರ ಕವರುಗಳ ಅಂಟು ಎರಡು ಸಲ ಹಚ್ಚಿದ ಹಾಗಿದೆ, ನಮ್ಮ ಕೈಗೆ ಬರುವ ಮುಂಚೆ ಯಾರೋ ಒಡೆದು ಓದುತ್ತಿದ್ದಾರೆ ಎಂದರು. ಆಮೇಲೆ ಯಾರೋ ಅಪರಿಚಿತ ಬಂದು ಸಾಹೇಬರಿಗೆ ಒಂದು ರೇಡಿಯೋ ರಿಪೇರಿಗೆ ಕೊಟ್ಟು ಹೋದ. ಬಿಚ್ಚಿ ನೋಡಿದರೆ ಅದರಲ್ಲಿ ಏನೂ ಕೆಟ್ಟಿರಲೇ ಇಲ್ಲ. ಅವನು ಮೂರು ದಿನ ಬಿಟ್ಟು ಬಂದು ಅರ್ಧ ಗಂಟೆ ಕೂತು, ಆ ನಕ್ಷೆಯನ್ನು ನೋಡುತ್ತಾ, ಇದು ಯಾವ ಊರು, ಇಲ್ಲಿ ನಿಮಗೆ ಯಾರು ಗೊತ್ತು ಎಂದೆಲ್ಲ ಕೇಳಿದನಂತೆ. ಸಾಹೇಬರು ಪಾಪ ಇಡೀ ತಿರಾನಾವನ್ನು ಸುತ್ತಾಡಿಸಿ ಕಳಿಸಿದ್ದಾರೆ! ಗಿರಾಕಿ ಒಳ್ಳೆಯವರು, ತಿಳಿದುಕೊಳ್ಳೋ ಆಸೆ ಇದೆ ಎಂದು ನನ್ನ ಹತ್ತಿರ ಹೊಗಳಿದರು. ಸ್ವಲ್ಪ ದಿನ ಕಾಗದ ಬರೆಯುವುದನ್ನು ನಿಲ್ಲಿಸಿ ಎಂದೆ.

"ಮಳೆ ಬರೆಯೋದು ಯಾವ ಕಾನೂನಲ್ಲಿ ತಪ್ಪು?" ಎಂದು ಅವರು ನಕ್ಕರು.

ಅದು ನಮ್ಮ ಜಿಲ್ಲೆಯಲ್ಲಿ ಆ ದೊಡ್ಡ ಉಪಚುನಾವಣೆ ನಡೆದ ವರ್ಷ, ಎಪ್ಪತ್ತೆಂಟು. ಇಡೀ ದೇಶದ ಕಣ್ಣು ನಮ್ಮ ಮೇಲಿತ್ತು. ಎಲ್ಲೆಲ್ಲಿಂದಲೋ ಬಂದ ಜೀಪುಗಳು, ಎಲ್ಲೆಲ್ಲಿಯದೋ ಪೊಲೀಸರು. ಅರೇಬಿಕಾ ಹಣ್ಣು ಕೆಂಪಾಗುವ ಹೊತ್ತು. ಒಂದು ಬೆಳಿಗ್ಗೆ ನಾನು ಅಂಚೆಗೆ ಹೋಗುವಾಗ ಸಾಹೇಬರ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ. ರೇಡಿಯೋ ಇಲ್ಲ, ಪುಸ್ತಿಕೆಗಳಿಲ್ಲ, ನೋಟುಬುಕ್ಕುಗಳಿಲ್ಲ. ನಕ್ಷೆಯ ಹಲಗೆಯನ್ನು ಮೊಳೆ ಸಮೇತ ಕಿತ್ತಿದ್ದರು. ಟೈಲರ್ ತಲೆ ಬಗ್ಗಿಸಿ ಮಿಷನ್ ತುಳಿಯುತ್ತಲೇ ಇದ್ದ. ಏನಾಯಿತು ಎಂದು ಕೇಳಿದರೆ, "ನಾನೇನೂ ನೋಡ್ಲಿಲ್ಲ ರೈಟ್ರೇ" ಎಂದ. ಬೆಳಕು ಹರಿಯುವ ಹೊತ್ತಿಗೆ ಜೀಪು ಬಂದಿತ್ತು ಎಂದು ಆಮೇಲೆ ಹೋಟೆಲಿನಲ್ಲಿ ತಿಳಿಯಿತು.

ಮಾರನೆಯ ದಿನ ಹನ್ನೊಂದರ ಸುಮಾರಿಗೆ ಜೀಪು ನಮ್ಮ ಎಸ್ಟೇಟಿಗೆ ಬಂತು. ಹೊರಗಿನ ಜಿಲ್ಲೆಯಿಂದ ಬಂದ ಅಧಿಕಾರಿ, ನಾಜೂಕಿನ ಮಾತು. ಧಣಿಗಳು ಆಫೀಸಿನಲ್ಲೇ ಇದ್ದರು. ಕಾಫಿ ತರಿಸಿದರು. ರೇಡಿಯೋ ಸಾಹೇಬರ ನೋಟುಬುಕ್ಕನ್ನು ಆ ಅಧಿಕಾರಿ ಮೇಜಿನ ಮೇಲಿಟ್ಟು ಬಿಡಿಸಿದರು. ಐದು ಅಂಕಿಯದ್ದು ರೇಡಿಯೋದವರ ಪದ್ಧತಿ, ಅದು ಗೊತ್ತಾಯಿತು, ಪುಸ್ತಿಕೆಯಲ್ಲೂ ಅಚ್ಚಾಗಿದೆ ಎಂದರು. ಆಮೇಲೆ ಪಕ್ಕದ ಸಾಲಿನ ಮೇಲೆ ಬೆರಳಿಟ್ಟರು. ಇದು ಗುಪ್ತ ಸಂಕೇತ ಎಂದು ನಮ್ಮ ಅನುಮಾನ, ಅವನು ಮಳೆ ಎನ್ನುತ್ತಾನೆ. ಯಾರು ಕೊಟ್ಟರು ಎಂದರೆ ಎಷ್ಟು ಕೇಳಿದರೂ ಹೆಸರು ಹೇಳುವುದಿಲ್ಲ. ಮಳೆ ಅಳೆಯುವ ಸಾಧನ ಪೇಟೆಗೆ ಹತ್ತಿರ ನಿಮ್ಮಲ್ಲಿ ಮಾತ್ರ ಇದೆಯಂತೆ. ನಿಮ್ಮ ಲೆಕ್ಕಕ್ಕೂ ಇದಕ್ಕೂ ಹೊಂದಿದರೆ ನಮ್ಮ ಕೆಲಸ ಮುಗಿಯಿತು, ಅವನನ್ನು ಸಂಜೆಯೇ ಮನೆಗೆ ಬಿಡುತ್ತೇವೆ. ಇಷ್ಟು ಹೇಳಿ ಅವರು ಕಾಫಿ ಕುಡಿದರು.

ಹೆಸರು ಹೇಳುವುದಿಲ್ಲ. ಅಂದರೆ ಆ ಮನುಷ್ಯ ಒಂದು ಹಗಲು, ಒಂದು ರಾತ್ರಿ ನನ್ನನ್ನು ಬಚ್ಚಿಟ್ಟುಕೊಂಡು ಕೂತಿದ್ದರು. ನನಗೆ ತೊಂದರೆ ಬರಬಾರದು ಎಂದು.

"ನಮ್ಮ ಮಳೆ ಲೆಕ್ಕ ಗೇಟು ದಾಟೋದಿಲ್ಲ ಸಾರ್. ಅಲ್ವೇನ್ರೀ ರೈಟ್ರೇ?" ಎಂದರು ಧಣಿಗಳು. ನನ್ನ ಮುಖ ನೋಡುತ್ತಿದ್ದರು.

"ಇಲ್ಲ ಧಣಿ, ದಾಟಿಲ್ಲ" ಎಂದೆ.

ಅಧಿಕಾರಿ ರಿಜಿಸ್ಟರ್ ಕೇಳಿದರು. ನನ್ನ ಸೊಂಟದಲ್ಲಿ ಕಬ್ಬಿಣದ ಪೆಟ್ಟಿಗೆಯ ಬೀಗದಕೈ ಇತ್ತು. ಎರಡು ಹೆಜ್ಜೆ ಹಾಕಿದ್ದರೆ ಒಳಗಿನ ಪುಸ್ತಕ. ಮನೆಯಲ್ಲಿ ಬಾಣಂತಿ ಹೆಂಡತಿ, ಇಪ್ಪತ್ತು ದಿನದ ಮಗು. ಕ್ವಾರ್ಟರ್ಸು ಬಿಟ್ಟರೆ ತಲೆ ಮೇಲೆ ಸೂರಿರಲಿಲ್ಲ. ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದೇನೋ, ಯಾರೂ ಕೇಳಿಲ್ಲ. ನಾನು ಮೇಜಿನ ಮೇಲಿದ್ದ ಹೊರಗಿನ ಪುಸ್ತಕವನ್ನು ಎತ್ತಿ ಕೊಟ್ಟೆ.

ಅವರು ಬೆರಳಿಟ್ಟು ಹೋಲಿಸಿದರು. ಮಾರ್ಚಿನ ಒಂದು ದಿನ, ಇವನದ್ದು ಒಂದು ಇಂಚು ಹತ್ತು ಸೆಂಟ್ಸು, ನಿಮ್ಮದು ನಲವತ್ತು. ಏಪ್ರಿಲ್ಲಿನ ಒಂದು ದಿನ, ಇವನದ್ದು ಎಂಬತ್ತೈದು, ನಿಮ್ಮದು ಇಪ್ಪತ್ತು. ಮುಂಗಾರಿನ ಒಂದಿಡೀ ವಾರ ನೋಡಿದರು. ಒಂದು ದಿನವೂ ಕೂಡಲಿಲ್ಲ. ಪುಸ್ತಕ ಮುಚ್ಚಿ, ಕಾಫಿ ಚೆನ್ನಾಗಿತ್ತು ಎಂದು ಧಣಿಗಳಿಗೆ ಹೇಳಿ ಎದ್ದರು. ಬಾಗಿಲಲ್ಲಿ ನಿಂತು, "ಹಾಗಾದ್ರೆ ಅದು ಮಳೆ ಅಲ್ಲ" ಎಂದರು.

ಜೀಪು ಹೋಯಿತು. ಧಣಿಗಳಿಗೆ ಎಲ್ಲ ಗೊತ್ತಾಗಿತ್ತು. ಆ ಒಂದು ಇಂಚು ಹತ್ತು ಸೆಂಟ್ಸು ಎಲ್ಲಿಯದು ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೈ ನೀಡಿ ಪೆಟ್ಟಿಗೆಯ ಬೀಗದಕೈ ಇಸಕೊಂಡರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಆ ವಿಷಯ ಇಬ್ಬರೂ ಮತ್ತೆ ಎತ್ತಲಿಲ್ಲ. ವರ್ಷದ ಕೊನೆಗೆ ಸಂಬಳ ಕೂಡ ಏರಿಸಿದರು. ನಾನು ತೆಗೆದುಕೊಂಡೆ.

ಸಾಹೇಬರು ಬಂದದ್ದು ಚುನಾವಣೆ ಮುಗಿದು ಎಷ್ಟೋ ದಿನಕ್ಕೆ. ಎಲ್ಲಿಟ್ಟಿದ್ದರು ಎಂದು ಅವರು ಯಾರಿಗೂ ಹೇಳಲಿಲ್ಲ. ಆರೋಪ ಏನೂ ಹೊರಿಸಲಿಲ್ಲವಂತೆ, ಸುಮ್ಮನೆ ಒಂದು ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ಹೋದರಂತೆ. ನಾನು ನಾಲ್ಕು ದಿನ ಪೇಟೆಯ ದಾರಿ ತಪ್ಪಿಸಿ ಹಿಂದಿನ ಕಾಲುದಾರಿಯಲ್ಲಿ ಅಂಚೆಗೆ ಹೋದೆ. ಐದನೆಯ ದಿನ ಧೈರ್ಯ ಮಾಡಿ ಅಂಗಡಿಯ ಮುಂದೆ ನಿಂತೆ. ಅವರು ಯಾರದೋ ಟಾರ್ಚ್ ಬಿಚ್ಚಿಕೊಂಡು ಕೂತಿದ್ದರು. ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಕಡ್ಡಿಯನ್ನು ಎಡಗೈಯಲ್ಲಿ ಹಿಡಿದಿದ್ದರು. ಹಲಗೆ ಇದ್ದ ಜಾಗದಲ್ಲಿ ಗೋಡೆ ಬೆಳ್ಳಗಿತ್ತು.

ಎಷ್ಟು ಬಿತ್ತು ಎಂದು ಅವರು ಕೇಳಲಿಲ್ಲ.

"ಟ್ಯಾಲಿ ಆಗ್ಲಿಲ್ಲ ಅಂದ್ರು ರೈಟ್ರೇ" ಎಂದರು. ಟಾರ್ಚ್ ಕೆಳಗಿಟ್ಟು, "ಎಸ್ಟೇಟಿನ ಪುಸ್ತಕ ನಾವೇ ಕಣ್ಣಾರೆ ನೋಡಿದ್ವಿ, ಒಂದು ದಿನದ್ದೂ ಕೂಡಲ್ಲ ಅಂದ್ರು. ಅದೊಂದೇ ನನಗೆ ಅರ್ಥ ಆಗಿಲ್ಲ. ನೀವು ಹೇಳ್ತಿದ್ದ ಲೆಕ್ಕ... ಅದು ಸರಿ ಇತ್ತು ಅಲ್ವಾ? ಆರು ವರ್ಷ?"

ಸಿಟ್ಟಿನಿಂದ ಕೇಳಿದ್ದಲ್ಲ. ಕೆಟ್ಟ ರೇಡಿಯೋದಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕುವಾಗ ಅವರ ಮುಖ ಹೇಗಿರುತ್ತಿತ್ತೋ ಹಾಗೇ ಇತ್ತು. ಸರಿ ಇತ್ತು ಎಂದರೆ ಪುಸ್ತಕ ಸುಳ್ಳು ಎಂದಾಗುತ್ತದೆ. ಆ ಸುಳ್ಳು ಪುಸ್ತಕವನ್ನು ಎತ್ತಿ ಕೊಟ್ಟವರು ಯಾರು ಎಂದಾಗುತ್ತದೆ. ಸರಿ ಇರಲಿಲ್ಲ ಎಂದರೆ ಅವರ ಆರು ವರ್ಷ ಕಸ. ತಡವಾಯಿತು, ಅಂಚೆ ಚೀಲ ಕಟ್ಟಿಬಿಡುತ್ತಾರೆ ಎಂದು ಹೇಳಿ ಹೊರಟುಬಿಟ್ಟೆ. ಥೂ... ಈಗಲೂ ಅದನ್ನು ನೆನೆದರೆ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಆಮೇಲೂ ಅವರಿಗೆ ತಿರಾನಾದ ಕವರುಗಳು ಬರುತ್ತಲೇ ಇದ್ದವು. ಅಲ್ಲಿಯವರಿಗೇನು ಗೊತ್ತು? ಸಾಹೇಬರು ಮುಟ್ಟದೆ ವಾಪಸು ಕಳಿಸುತ್ತಿದ್ದರು. ಜನ ಅವರ ಅಂಗಡಿಗೆ ಹೋಗುವುದು ಕಮ್ಮಿಯಾಯಿತು. ಏನೂ ಇಲ್ಲದೆ ಪೊಲೀಸರು ಹಿಡಿಯುತ್ತಾರಾ ಎಂದು ಹೋಟೆಲಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ನಾನೂ ಅಲ್ಲೇ ಕೂತು ಟೀ ಕುಡಿಯುತ್ತಿದ್ದೆ. ಬೇಸಿಗೆ ಬರುವಷ್ಟರಲ್ಲಿ ಸಾಹೇಬರು ಹೆಂಡತಿ ಮಗಳನ್ನು ಕರೆದುಕೊಂಡು ಕಳಸದಲ್ಲಿದ್ದ ಭಾವಮೈದುನನ ಮನೆಗೆ ಹೊರಟುಹೋದರು. ಅಲ್ಲಿ ಗ್ಯಾರೇಜಿನಲ್ಲಿ ಟಯರಿಗೆ ಗಾಳಿ ಹಾಕುತ್ತಾರೆ ಎಂದು ಯಾರೋ ಹೇಳಿದರು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ತೀರಿಹೋದರು ಎಂದೂ ಯಾರೋ ಹೇಳಿದರು.

ಅವರು ಹೋಗಿ ವರ್ಷವೋ ಎರಡು ವರ್ಷವೋ ಆಗಿತ್ತು. ಪೇಪರಿನ ಒಳಪುಟದಲ್ಲಿ ಒಂದು ಚಿಕ್ಕ ಸುದ್ದಿ ಓದಿದೆ. ತಿರಾನಾದ ಚೌಕದಲ್ಲಿ ಜನ ಸೇರಿ ಮಸೀದಿಯ ಬಾಗಿಲು ತೆರೆದರಂತೆ. ಎಷ್ಟೋ ವರ್ಷಗಳ ಮೇಲೆ ಅಲ್ಲಿ ಮತ್ತೆ ಪ್ರಾರ್ಥನೆ ನಡೆಯಿತಂತೆ. ಪೇಪರನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಇಡೀ ದಿನ ತಿರುಗಿದೆ. ತೋರಿಸಲು ಯಾರಿದ್ದರು?

ಆ ರಾಳದ ಹೊಗೆ ಮೂಗಿಗೆ ಬಡಿದ ಮೇಲೆ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ವಿಚಾರಿಸಿದೆ. ಅವರ ಮಗಳು ವಸ್ತಾರೆಯ ಹತ್ತಿರ ಶಾಲೆಯಲ್ಲಿ ಟೀಚರ್ ಎಂದು ಗೊತ್ತಾಯಿತು. ಹೋದ ಭಾನುವಾರ ಬಸ್ಸು ಹತ್ತಿ ಹೋದೆ. ಆಕೆಗೂ ತಲೆ ಬೆಳ್ಳಗಾಗಿದೆ. ಮಲ್ಲಂದೂರಿನ ರೈಟರ್ ಎಂದ ಕೂಡಲೇ ಗುರುತು ಹಿಡಿದರು. ಕೂರಿಸಿದರು, ಕಾಫಿ ಕೊಟ್ಟರು, ತಾವೂ ಒಂದು ಲೋಟ ಹಿಡಿದು ಎದುರಿಗೆ ಕೂತರು. ನನಗೆ ಕೇಳಿಸಲಿ ಎಂದು ಜೋರಾಗಿ, ನಿಧಾನವಾಗಿ ಮಾತಾಡಿದರು.

"ಅಪ್ಪ ನಿಮ್ಮನ್ನ ಯಾವತ್ತೂ ಬೈದಿಲ್ಲ. ರೈಟ್ರಿಗೆ ದಿನಾ ಮಳೆ ನೋಡಕ್ಕೆ ಪುರುಸೊತ್ತು ಇರ್ತಿರ್ಲಿಲ್ಲ, ನನ್ನ ಮನಸ್ಸು ನೋಯ್ಬಾರ್ದು ಅಂತ ಬಾಯಿಗೆ ಬಂದ ಅಂಕಿ ಹೇಳ್ತಿದ್ರು, ಪಾಪ, ಒಳ್ಳೆ ಮನಸ್ಸಿಂದ ಹೇಳಿದ್ದು, ಅವ್ರ ಮೇಲೆ ಬೇಜಾರು ಇಟ್ಕೋಬೇಡಿ ಅಂತಿದ್ರು. ಆಮೇಲೆ ನಗೋರು. ಆರು ವರ್ಷ ಸುಳ್ಳು ಮಳೆ ಕಳಿಸಿದ್ನಲ್ಲ ಆ ಊರಿಗೆ ಅಂತ."

ಮಾಡದ ತಪ್ಪಿಗೆ ಅವರು ನನ್ನನ್ನು ಕ್ಷಮಿಸಿಬಿಟ್ಟಿದ್ದರು. ಮಾಡಿದ್ದು ಅವರಿಗೆ ಗೊತ್ತೇ ಆಗಲಿಲ್ಲ.

"ಸುಳ್ಳಲ್ಲಮ್ಮ, ಒಂದೊಂದು ಸೆಂಟೂ ನಿಜ ಇತ್ತು" ಎಂದೆ. ಎರಡು ಪುಸ್ತಕದ ವಿಷಯ ಹೇಳಿದೆ. ಯಾವುದನ್ನು ಕೊಟ್ಟೆ ಎಂದೂ ಹೇಳಿದೆ. ಬೀಗದಕೈ ನನ್ನ ಸೊಂಟದಲ್ಲೇ ಇತ್ತು ಎನ್ನುವುದನ್ನೂ ಬಿಡಲಿಲ್ಲ.

ಆಕೆ ಅಳಲಿಲ್ಲ, ಕೂಗಾಡಲಿಲ್ಲ. ಕೈಯಲ್ಲಿದ್ದ ಲೋಟವನ್ನು ಕುಡಿಯದೆ ಕೆಳಗಿಟ್ಟರು. ಆಮೇಲೆ ಒಂದು ಮಾತು ಹೇಳಿದರು, ಈ ಸಲ ಜೋರಾಗಿಯೇನೂ ಅಲ್ಲ, ಆದರೆ ನನಗೆ ಸ್ಪಷ್ಟವಾಗಿ ಕೇಳಿಸಿತು.

"ಅಪ್ಪ ಕಳಸದಲ್ಲಿ ಹತ್ತು ವರ್ಷ ಇದ್ರಲ್ಲ."

ಹೌದು. ಇದ್ದರು. ಬೆಳಿಗ್ಗೆ ಹೊರಟರೆ ಮೂಡಿಗೆರೆಯಲ್ಲಿ ಬಸ್ಸು ಬದಲಾಯಿಸಿ ಮಧ್ಯಾಹ್ನದ ಹೊತ್ತಿಗೆ ಕಳಸ. ನಾನು ಹೋಗಲಿಲ್ಲ.